ನೆಂಟರ ರಕ್ತ

ರಂಗರಾಜು ಸುಳ್ಳು ಹೇಳುವ ಮನುಷ್ಯನಲ್ಲ. ಹೇಳಿದರೂ ಅವನಿಗೆ ದಕ್ಕುವುದಿಲ್ಲ, ಮುಖ ನೋಡಿದವರಿಗೆ ಗೊತ್ತಾಗಿಬಿಡುತ್ತದೆ. ಆದ್ದರಿಂದ ಎರಡು ವರ್ಷದ ಹಿಂದೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸಮ್ಮ ಫಾರಂ ಹಿಡಿದುಕೊಂಡು, “ಗಂಡ ಹೆಂಡ್ತಿ ರಕ್ತಸಂಬಂಧದಲ್ಲಿ ಮದುವೆ ಆಗಿದೀರಾ?” ಎಂದು ಕೇಳಿದಾಗ ಅವನು “ಇಲ್ಲ ಕಣ್ರಿ” ಎಂದನಲ್ಲ, ಅದು ಅವನ ಲೆಕ್ಕದಲ್ಲಿ ಅಪ್ಪಟ ಸತ್ಯವೇ. ಹೆಂಡತಿ ದೀಪ ಅವನ ಸ್ವಂತ ಅಕ್ಕನ ಮಗಳು. ಅದರಲ್ಲಿ ಮುಚ್ಚಿಡುವಂಥದ್ದೇನೂ ಇರಲಿಲ್ಲ. ಹೆಣ್ಣು ಎಲ್ಲಿಂದ ತಂದಿರಿ ಎಂದು ಕೇಳಿದ್ದರೆ ವಾರ್ಡಿನವರೆಲ್ಲ ಕೇಳುವ ಹಾಗೆ ಹೇಳಿರುತ್ತಿದ್ದ. ಆದರೆ ಆಕೆ ಕೇಳಿದ್ದು ಹೆಣ್ಣಿನ ವಿಚಾರ ಅಲ್ಲವಲ್ಲ, ರಕ್ತದ ವಿಚಾರ.

ರಕ್ತಸಂಬಂಧ ಎಂದರೆ ಅಣ್ಣತಮ್ಮಂದಿರು, ದಾಯಾದಿಗಳು. ಒಂದು ಮನೆಯಲ್ಲಿ ಸಾವಾದರೆ ಯಾರು ಯಾರಿಗೆ ಪೂರ್ತಿ ಸೂತಕ ಅಂಟುತ್ತದೋ ಅವರದೆಲ್ಲ ಒಂದೇ ರಕ್ತ. ಅಲ್ಲಿಂದ ಹೆಣ್ಣು ತರುವುದಿರಲಿ, ತರುವ ಮಾತಾಡಿದರೂ ಹಲ್ಲು ಉದುರಿಸುತ್ತಾರೆ. ಅಕ್ಕ ಹಾಗಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ. ಅವಳ ಹೊಟ್ಟೆಯಲ್ಲಿ ಹುಟ್ಟಿದವರು ಅವಳ ಗಂಡನ ಕುಲದವರು, ನಮಗೆ ನೆಂಟರು. ನೆಂಟರು ಬೇರೆ, ರಕ್ತ ಬೇರೆ. ಇಷ್ಟೂ ಗೊತ್ತಿಲ್ಲದ ಮನುಷ್ಯ ರಾಮಾಪುರದ ಸುತ್ತ ಹತ್ತು ಹಳ್ಳಿಯಲ್ಲಿ ಒಬ್ಬನೂ ಸಿಕ್ಕಲಾರ. ನರ್ಸಮ್ಮ ‘ಇಲ್ಲ’ ಎನ್ನುವ ಕಡೆ ಒಂದು ಗೀಟು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದಳು.

ಕಾಯಿಲೆ ಬಿದ್ದಿದ್ದವಳು ಕಿರಿಯ ಮಗಳು ಧನುಶ್ರೀ. ಆಗ ಒಂಬತ್ತು ವರ್ಷ. ವಯಸ್ಸಿಗೆ ತಕ್ಕ ಎತ್ತರವಿಲ್ಲ, ಎಡಗೈಯ ಹೆಬ್ಬೆರಳು ಹುಟ್ಟಿನಿಂದಲೇ ಮೋಟು, ಬೆನ್ನ ಮೇಲೆ ಅಲ್ಲಲ್ಲಿ ತೆಳು ಕಾಫಿ ಬಣ್ಣದ ಮಚ್ಚೆ. ಇದನ್ನೆಲ್ಲ ಮನೆಯವರು ಕಾಯಿಲೆ ಎಂದು ಎಣಿಸಿಯೇ ಇರಲಿಲ್ಲ. “ಅಜ್ಜಿ ಥರ ಗಿಡ್ಡಿ” ಎಂದು ನಗಾಡುತ್ತಿದ್ದರು. ಆಮೇಲೆ ಮುಟ್ಟಿದಲ್ಲೆಲ್ಲ ಮೈ ನೀಲಿಗಟ್ಟತೊಡಗಿತು. ಒಂದು ದಿನ ಶಾಲೆಯಲ್ಲಿ ಮೂಗಿನಿಂದ ಸುರಿದ ರಕ್ತ ಎರಡು ಗಂಟೆ ಕಳೆದರೂ ನಿಲ್ಲಲಿಲ್ಲ. ರಾಮಾಪುರದಿಂದ ಕೊಳ್ಳೇಗಾಲಕ್ಕೆ, ಕೊಳ್ಳೇಗಾಲದಿಂದ ಮೈಸೂರಿಗೆ ಓಡಿದರು. ಮೂಳೆಯೊಳಗಿನ ಮಜ್ಜೆ ಬತ್ತುತ್ತಿದೆ, ರಕ್ತ ಹುಟ್ಟುವುದೇ ಅಲ್ಲಿ, ಅದಕ್ಕೇ ಹೀಗೆ ಎಂದರು. ಯಾಕೆ ಬತ್ತುತ್ತಿದೆ ಎಂದರೆ, ಕೆಲವು ಸಲ ಕಾರಣ ತಿಳಿಯುವುದಿಲ್ಲ ಎಂದರು. ವಂಶದಿಂದ ಬಂದದ್ದಿರಬಹುದೇ ಎಂದು ಯಾರಾದರೂ ಯೋಚಿಸುವ ಹೊತ್ತಿಗೆ ಫೈಲಿನಲ್ಲಿ ಆ ಗೀಟು ಕಾಣುತ್ತಿತ್ತು. ಯೋಚನೆ ಅಲ್ಲಿಗೇ ನಿಲ್ಲುತ್ತಿತ್ತು.

ಎರಡು ವರ್ಷ ಮಾತ್ರೆ ನುಂಗಿದ್ದಾಯಿತು, ತಿಂಗಳಿಗೊಮ್ಮೆ ಕೊಳ್ಳೇಗಾಲದಲ್ಲಿ ರಕ್ತ ಏರಿಸಿದ್ದಾಯಿತು. ಕೊನೆಗೆ ಮೈಸೂರಿನವರು ಫೈಲು ಕೊಟ್ಟು ಬೆಂಗಳೂರಿನ ಆಸ್ಪತ್ರೆಗೆ ಕಳಿಸಿದರು. ಅಲ್ಲಿಯವರು, ಇದು ಹೀಗೇ ನಡೆಯುವ ಮಾತಲ್ಲ, ಬೇರೆಯವರ ಮಜ್ಜೆ ತೆಗೆದು ಹಾಕಬೇಕು, ಒಡಹುಟ್ಟಿದವರದ್ದು ಹೊಂದಿದರೆ ಎಲ್ಲಕ್ಕಿಂತ ವಾಸಿ ಎಂದರು. ಒಡಹುಟ್ಟಿದವಳು ಒಬ್ಬಳೇ, ನಾಗಶ್ರೀ. ಹದಿನೇಳು ವರ್ಷ, ಹನೂರಿನಲ್ಲಿ ಎರಡನೇ ಪಿಯುಸಿ, ಸೈನ್ಸು. ಗುಂಡುಕಲ್ಲಿನ ಹಾಗಿರುವ ಹುಡುಗಿ, ನೆಗಡಿ ಬಂದದ್ದನ್ನೂ ಯಾರೂ ನೋಡಿಲ್ಲ. ಅವಳ ರಕ್ತ ತೆಗೆದು ನೋಡಿದರೆ ಹತ್ತಕ್ಕೆ ಹತ್ತು ಹೊಂದಿತು. ಅಕ್ಕ ಸಿಕ್ಕಳಲ್ಲ, ಇನ್ನು ಅಪ್ಪ ಅಮ್ಮನನ್ನು ಪರೀಕ್ಷೆ ಮಾಡುವ ಅಗತ್ಯವಿಲ್ಲ ಎಂದು ಆಸ್ಪತ್ರೆಯವರು ದಿನವನ್ನೂ ಗೊತ್ತುಮಾಡಿಬಿಟ್ಟರು.

ಆ ಸುದ್ದಿ ಬಂದ ದಿನ ರಂಗರಾಜು ಕುಣಿಯುವುದೊಂದು ಬಾಕಿ. ಅವನು ಪಂಚಾಯ್ತಿಯ ನೀರುಗಂಟಿ. ಟ್ಯಾಂಕಿಗೆ ನೀರು ಏರಿಸುವುದು, ಬೀದಿಬೀದಿಗೆ ವಾಲ್ವು ತಿರುಗಿಸುವುದು, ಪೈಪು ಎಲ್ಲಿ ಒಡೆದಿದೆ ಎಂದು ಹುಡುಕುವುದು ಅವನ ಕೆಲಸ. ಆವತ್ತು ಎಲ್ಲ ಬೀದಿಗೂ ಅರ್ಧ ಗಂಟೆ ಹೆಚ್ಚಿಗೆ ನೀರು ಬಿಟ್ಟ. ಕೇಳಿದವರಿಗೆಲ್ಲ, “ನಮ್ ದೊಡ್ ಮೊಗ ನಮ್ ಚಿಕ್ ಮೊಗೀನ ಉಳಿಸ್ತಾಳೆ ಕಣ್ಲಾ” ಎಂದು ಹೇಳಿಕೊಂಡು ತಿರುಗಿದ. ಊರು ಒಂದು ವಾರವಿಡೀ ಅವನನ್ನು ಬೈಯದೇ ಇದ್ದದ್ದು ಅದೇ ಮೊದಲು.

ಹತ್ತು ದಿನ ಉಳಿದಿದೆ ಎನ್ನುವಾಗ ಕೊಳ್ಳೇಗಾಲಕ್ಕೆ ಬರಹೇಳಿದರು. ಬೆಂಗಳೂರಿನ ಆಸ್ಪತ್ರೆಯ ಕೌನ್ಸೆಲರ್ ಮೇಡಂ ತಿಂಗಳಿಗೊಂದು ಶನಿವಾರ ಅಲ್ಲಿಗೆ ಬರುತ್ತಿದ್ದರು. ಮಜ್ಜೆ ಕೊಡುವವಳಿಗೆ ಎಲ್ಲ ವಿವರಿಸಿ ಮನೆಯವರ ಸಹಿ ಹಾಕಿಸಿಕೊಳ್ಳಬೇಕಂತೆ. ಧನುಶ್ರೀಗೆ ಕೆಳಗಿನ ವಾರ್ಡಿನಲ್ಲಿ ರಕ್ತ ಏರುತ್ತಿತ್ತು, ದೀಪ ಅವಳ ಪಕ್ಕ ಕೂತಿದ್ದಳು. ಮೇಲಿನ ಕೋಣೆಗೆ ಹೋದವರು ರಂಗರಾಜು, ನಾಗಶ್ರೀ ಮತ್ತು ದೀಪಳ ತಾಯಿ ಚಿಕ್ಕಬಸಮ್ಮ. ಈ ಚಿಕ್ಕಬಸಮ್ಮನೇ ರಂಗರಾಜುವಿನ ಅಕ್ಕ. ಯಳಂದೂರು ಕಡೆಯ ಹಳ್ಳಿಗೆ ಕೊಟ್ಟ ಹೆಣ್ಣು. ಬರಬೇಡ ಎಂದರೂ ಕೇಳದೆ ಬೆಳಗಿನ ಬಸ್ಸಿಗೇ ಬಂದು ಕೂತಿದ್ದಳು.

ಮೇಡಂ ಚಿಕ್ಕ ವಯಸ್ಸಿನವರು, ಮಾತು ಮೆತ್ತಗೆ. ಹಾಳೆಯ ಮೇಲೆ ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಬರೆಯುತ್ತ ಮನೆತನದ ನಕ್ಷೆ ಹಾಕತೊಡಗಿದರು. ರಂಗರಾಜುವಿನ ತಾಯಿಯ ಬಗ್ಗೆ ಕೇಳಿದಾಗ ಅವನು ಬಾಯಿ ತೆರೆಯುವ ಮೊದಲೇ ಚಿಕ್ಕಬಸಮ್ಮ ತೆರೆದಳು. ಅವಳ ಬಾಯಿಗೆ ಬೀಗ ಹಾಕುವ ಕೆಲಸ ಅವಳ ಗಂಡನಿಂದಲೂ ಆಗಿರಲಿಲ್ಲ.

“ನಮ್ಮವ್ವ ತೀರೋದಾಗ ಇವ್ನು ಒಂದೂವರೆ ವರ್ಸದ ಕೂಸು ಕಣವ್ವ. ನಂಗೆ ಹದ್ನೈದು. ನನ್ನ ಸೊಂಟದ ಮೇಲೇ ಬೆಳ್ದ. ಮದ್ವೆ ಆಗಿ ಓಗುವಾಗ ತವರಿಂದ ನಾ ತಕಂಡೋದ ಬಳುವಳಿ ಅಂದ್ರೆ ಇವನೊಬ್ನೇ.”

ಮೇಡಂ ನಕ್ಕರು. ನಗು ಅರ್ಧಕ್ಕೇ ನಿಂತಿತು. “ನಮ್ಮವ್ವ ಅಂದ್ರೆ? ನೀವು ದೀಪ ಅವರ ತಾಯಿ ಅಲ್ವಾ ಅಜ್ಜಿ?”

“ಊಂ. ದೀಪ ನನ್ ಮಗ್ಳು. ಇವ್ನು ನನ್ ತಮ್ಮ.”

“ತಮ್ಮ ಅಂದ್ರೆ, ದೊಡ್ಡಮ್ಮ ಚಿಕ್ಕಮ್ಮನ ಮಗ?”

“ಯಾವ ದೊಡ್ಡಮ್ಮ, ಯಾವ ಚಿಕ್ಕಮ್ಮ. ಒಂದೇ ಒಟ್ಟೇಲಿ ಉಟ್ದೋರು ನಾವು.”

ಮೇಡಂ ಫೈಲು ತಿರುವಿ ಮೊದಲ ಹಾಳೆ ತೆಗೆದರು. “ಇಲ್ಲಿ ರಕ್ತಸಂಬಂಧ ಇಲ್ಲ ಅಂತ ಬರೆದಿದೆಯಲ್ಲ ಸರ್.”

“ಸರಿಯಾಗೇ ಬರ್ಕಂಡವ್ರೆ” ಎಂದ ರಂಗರಾಜು. “ಅಕ್ಕನ ಮಗಳು ನೆಂಟಸ್ತನ ಅಲ್ವಾ ಮೇಡಂ? ಅವ್ರ ಕುಲ ಬ್ಯಾರೆ, ನಮ್ ಕುಲ ಬ್ಯಾರೆ. ಅವ್ರ ದಾಯಾದಿ ಸತ್ರೆ ನಮಗೆ ಸೂತಕ ಇಲ್ಲ. ರಕ್ತಸಂಬಂಧದಲ್ಲಿ ಯಾರಾನಾ ಮದ್ವೆ ಆಯ್ತಾರಾ, ಒಳ್ಳೆ ಕತೆ.”

ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಅವನ ಚೌಕಕ್ಕೂ ದೀಪಳ ಸೊನ್ನೆಗೂ ನಡುವೆ ಇದ್ದ ಒಂಟಿ ಗೆರೆಯ ಪಕ್ಕ ರಕ್ತಸಂಬಂಧದ ಗುರುತಾಗಿ ಇನ್ನೊಂದು ಗೆರೆ ಎಳೆದರು. ಧನುಶ್ರೀಯ ಹೆಬ್ಬೆರಳು ಹೇಗಿದೆ, ಮೈಮೇಲೆ ಮಚ್ಚೆ ಇದೆಯಾ ಎಂದು ಕೇಳಿ ಬರೆದುಕೊಂಡರು. ಆಮೇಲೆ ಫೋನು ಹಿಡಿದು ಹೊರಗೆ ಹೋದರು. ಹತ್ತು ನಿಮಿಷ ಬಿಟ್ಟು ಒಳಗೆ ಬಂದವರು, ಗೊತ್ತುಮಾಡಿದ್ದ ದಿನ ರದ್ದಾಗಿದೆ ಎಂದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ರಂಗರಾಜುವಿಗೆ ಸಿಟ್ಟು ನೆತ್ತಿಗೇರಿತು. “ಏನ್ ಮೇಡಂ ಆಟ ಆಡ್ತಿದೀರಾ? ಎಲ್ಡು ವರ್ಸ ಆಯ್ತು ನಾವು ಅಲೀತಾ. ಈಗ ಎಲ್ಲಾ ಸರಿ ಓಯ್ತು ಅನ್ನುವಾಗ ನಾನು ಯಾರ ಮಗಳ್ನ ಕಟ್ಕಂಡೆ ಅಂತ ನಕ್ಷೆ ಬರೀತೀರಲ್ಲ.”

“ಕೂತ್ಕೊಳಿ ಸರ್, ಹೇಳ್ತೀನಿ” ಎಂದು ಮೇಡಂ ನೀರಿನ ಬಾಟಲಿ ಮುಂದೆ ತಳ್ಳಿದರು. ನಮ್ಮ ಮೈಯ ಒಂದೊಂದು ಕಣದಲ್ಲೂ ಒಂದು ಎಳೆ ಇರುತ್ತದೆ, ಡಿಎನ್‌ಎ ಅಂತ. ಅದು ದಿನಾ ಅಲ್ಲಲ್ಲಿ ಸಿಕ್ಕುಬೀಳುತ್ತದೆ, ಕಿತ್ತುಹೋಗುತ್ತದೆ. ರಿಪೇರಿ ಮಾಡುವವು ಮೈಯೊಳಗೇ ಇವೆ. ಆದರೆ ಎಲ್ಲಿ ಕೆಟ್ಟಿದೆ ಎಂದು ಅವಕ್ಕೆ ತಿಳಿಯಬೇಕಲ್ಲ. ಅದಕ್ಕೆ ಒಂದು ಕಿಣ್ವ ಇದೆ, ಫ್ಯಾಂಕ್ ಎಲ್ ಅಂತ ಹೆಸರು. ಅದು ತಾನು ರಿಪೇರಿ ಮಾಡುವುದಿಲ್ಲ. ಕೆಟ್ಟ ಜಾಗ ಕಾಯುವ ಒಂದು ಪ್ರೋಟೀನಿಗೆ ಚೀಟಿ ಅಂಟಿಸುತ್ತದೆ, ಅಷ್ಟೇ. ಆ ಚೀಟಿ ಬಿದ್ದ ಮೇಲೆಯೇ ಉಳಿದವು ಬಂದು ಕೆಲಸಕ್ಕೆ ಇಳಿಯುವುದು.

“ಗುರುತು ಹಾಕೋನು” ಎಂದ ರಂಗರಾಜು. ಸಿಟ್ಟಿನಲ್ಲಿಯೂ ಅವನಿಗೆ ಅದು ಗೊತ್ತಾಗಿಬಿಟ್ಟಿತು. “ನಾನೂ ಅದೇ ಮಾಡೋದು. ಎಲ್ಲಿ ನೆಲ ನೆಂದದೆ ನೋಡಿ ಒಂದ್ ಕಡ್ಡಿ ನೆಟ್ಟು ಕೆಂಪು ಬಟ್ಟೆ ಕಟ್ ಬತ್ತೀನಿ. ಆಮೇಲೆ ಪ್ಲಂಬರ್ ಬಂದು ಅಗೀತಾನೆ. ನಾ ಕಟ್ನಿಲ್ಲ ಅಂದ್ರೆ ಅವ್ನು ಬಂದು ಬೀಡಿ ಸೇದ್ಕಂಡು ಕೂತ್ಕತಾನೆ, ನೀರು ಅರೀತಾನೇ ಇರ್ತದೆ.”

“ಅದೇ ಸರ್. ಧನುಶ್ರೀಯಲ್ಲಿ ಆ ಗುರುತು ಹಾಕೋದೇ ಇಲ್ಲ ಅಂತ ನಮಗೆ ಅನುಮಾನ. ಮಜ್ಜೆ ಬತ್ತೋದು ಅದಕ್ಕೇ.”

ಆ ಕಿಣ್ವ ಮಾಡುವ ಸೂತ್ರ, ಜೀನ್ ಅನ್ನುವುದು, ಎಲ್ಲರಲ್ಲೂ ಎರಡೆರಡು ಇರುತ್ತದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದ್ದರೂ ಇನ್ನೊಂದು ಸಾಕು, ಆ ಮನುಷ್ಯನಿಗೆ ಜನ್ಮವಿಡೀ ತಿಳಿಯುವುದೇ ಇಲ್ಲ. ಎರಡೂ ಕೆಟ್ಟವೇ ಸಿಕ್ಕಿದರೆ ಮಗುವಿಗೆ ಕಾಯಿಲೆ. ಅಜ್ಜಿಯಲ್ಲೂ ಅಜ್ಜಿಯ ತಮ್ಮನಲ್ಲೂ ಒಂದೇ ಕೆಟ್ಟ ಸೂತ್ರ ಇದ್ದು, ಅಜ್ಜಿಯ ಮಗಳನ್ನು ತಮ್ಮನೇ ಮದುವೆಯಾದರೆ ಎರಡೂ ಒಂದೇ ಮಗುವಿಗೆ ಬರುವುದು ಸುಲಭ. “ನಾವು ರಕ್ತಸಂಬಂಧ ಅನ್ನೋದು ಇದಕ್ಕೆ” ಎಂದರು ಮೇಡಂ. “ಸೂತಕ ಲೆಕ್ಕ ಇದರಲ್ಲಿ ಬರಲ್ಲ.”

ಅವರು ಇನ್ನೂ ಎರಡು ಮಾತು ಹೇಳಿದರು. ಮಜ್ಜೆ ಹಾಕುವ ಮೊದಲು ಹಳೆಯದನ್ನು ತೆಗೆಯಲು ಕೊಡುವ ಔಷಧಿ ಬಲು ಖಾರದ್ದು, ಅದು ಎಳೆಯನ್ನೇ ಕತ್ತರಿಸುತ್ತದೆ. ಈ ಕಾಯಿಲೆಯವರಿಗೆ ಅದನ್ನು ಮಾಮೂಲಿ ಅಳತೆಯಲ್ಲಿ ಕೊಟ್ಟರೆ ತಡೆಯುವುದಿಲ್ಲ. ಹತ್ತು ದಿನ ಬಿಟ್ಟು ಅದೇ ಆಗುವುದಿತ್ತು. ಇದು ಒಂದು. ಎರಡನೆಯದು ನಾಗಶ್ರೀ. ಮೇಲೆ ಗಟ್ಟಿಮುಟ್ಟಾಗಿ ಕಂಡರೂ ಒಳಗೆ ಅವಳಿಗೂ ಇದೇ ಇದ್ದರೆ? ಅವಳ ಮಜ್ಜೆ ಹಾಕಿ ಪ್ರಯೋಜನವಿಲ್ಲ. ಆದ್ದರಿಂದ ಇವತ್ತು ಅಪ್ಪ, ಅಮ್ಮ, ಇಬ್ಬರು ಮಕ್ಕಳು, ನಾಲ್ವರ ರಕ್ತವನ್ನೂ ತೆಗೆದುಕೊಳ್ಳುತ್ತೇವೆ, ಒಂದು ತಿಂಗಳು ಕಾಯಬೇಕು ಎಂದರು.

“ಆವತ್ತೇ ಔದು ಅಂದಿದ್ರೆ?” ಎಂದು ಕೇಳಿದ ರಂಗರಾಜು.

ಮೇಡಂ ಮೊದಲ ಹಾಳೆಯ ಆ ಗೀಟನ್ನು ನೋಡಿದರು. “ಎರಡು ವರ್ಷ ಮೊದಲೇ ಗೊತ್ತಾಗ್ತಿತ್ತು ಸರ್. ಆದರೆ ಕೇಳಿದವರೂ ಬಿಡಿಸಿ ಕೇಳಬೇಕಿತ್ತು.”

ಆ ಒಂದು ತಿಂಗಳು ಆ ಮನೆ ಹೇಗೆ ಕಳೆಯಿತು ಎಂದು ಹೇಳಹೊರಟರೆ ಹೇಳುವಂಥದ್ದು ಹೆಚ್ಚೇನಿಲ್ಲ. ರಂಗರಾಜು ನೀರು ಬಿಟ್ಟ, ವಾಲ್ವು ತಿರುಗಿಸಿದ, ಬೈಸಿಕೊಂಡ. ಚಿಕ್ಕಬಸಮ್ಮ ಯಳಂದೂರಿಗೆ ಹೋಗದೆ ರಾಮಾಪುರದಲ್ಲೇ ಉಳಿದಳು. ಅಷ್ಟು ಮಾತಿನ ಹೆಂಗಸು ಮೂಲೆ ಹಿಡಿದು ಕೂತಳು, ಕೊಟ್ಟರೆ ಉಂಡಳು, ಇಲ್ಲವಾದರೆ ಇಲ್ಲ. ಅವಳು ಸುಮ್ಮನಿರುವುದನ್ನು ನೋಡಿ ರಂಗರಾಜುವಿಗೆ ಹೆದರಿಕೆಯಾಯಿತು. ಒಂದು ದಿನ ಬೆಳಿಗ್ಗೆ ಅವರೆಕಾಯಿ ಸುಲಿಯುತ್ತ ಅವಳೇ ಬಾಯಿಬಿಟ್ಟಳು.

“ತಬ್ಬಲಿ ನೀನು. ಯಾವಳೋ ಬಂದು ನಿನ್ನ ಎಂಗೆ ನೋಡ್ಕತಾಳೋ ಅಂತ ನನ್ ಮಗಳ್ನೇ ಕೊಟ್ನಲ್ಲೋ ತಮ್ಮ. ನಿಂಗೆ ಒಳ್ಳೇದು ಮಾಡಕ್ಕೋಗಿ ನನ್ ಮಗಳ ಒಟ್ಟೆಗೆ ಬೆಂಕಿ ಆಕುದ್ನಲ್ಲೋ.”

“ಸುಮ್ಕಿರಕ್ಕ. ನೀ ಕೊಟ್ಟೆ, ನಾ ಕಟ್ಕಂಡೆ. ಊರಲ್ಲಿ ಯಾರ್ ಕಟ್ಕಂಡಿಲ್ಲ ಏಳು. ನಮ್ಮಿಬ್ರೊಳಗೂ ಆ ಕೆಟ್ಟದ್ದು ಅದೆ ಅಂತ ಯಾರ್ ಕಂಡಿದ್ರು? ಆವತ್ತು ನೀ ಬಾಯಿ ಬುಟ್ಟಿದ್ಕೆ ಆ ಔಷಧಿ ತಪ್ತು, ಮೊಗ ಉಳ್ಕಂಡದೆ. ತಪ್ಪು ಅಂದ್ರೆ ನಂದು. ಕೇಳ್ದಾಗ ಇಲ್ಲ ಅಂದ್ನಲ್ಲ.”

ಒಲೆಯ ಮುಂದಿದ್ದ ದೀಪ ತಿರುಗಿ ನೋಡದೆಯೇ ಹೇಳಿದಳು: “ಅಕ್ಕತಮ್ಮ ಇಬ್ರೂ ತಪ್ಪ ಎಂಗೆ ಬೇಕೋ ಅಂಗೆ ಅಂಚ್ಕಳಿ. ನನ್ನ ಆವತ್ತೂ ಯಾರೂ ಕೇಳ್ನಿಲ್ಲ, ಇವತ್ತೂ ಕೇಳಕಿಲ್ಲ.” ಮುದ್ದೆ ತಿರುವುತ್ತ ಒಂದು ಗಳಿಗೆ ಬಿಟ್ಟು, “ಕೇಳಿದ್ರೂ ಊಂ ಅಂತಿದ್ದೆ ಅನ್ನು, ಅದು ಬ್ಯಾರೆ” ಎಂದಳು. ಅವಳ ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾಳೋ ಮುದ್ದೆಗೆ ಬಲ ಹಾಕುತ್ತಿದ್ದಾಳೋ ರಂಗರಾಜುವಿಗೆ ತಿಳಿಯಲಿಲ್ಲ. ಎದ್ದು ಹೋಗಿ ಕೋಲು ಇಸಿದುಕೊಂಡು ತಾನೇ ತಿರುವಿದ.

ಆದರೆ ಅವನನ್ನು ಕೊರೆಯುತ್ತಿದ್ದದ್ದು ತಪ್ಪು ಯಾರದು ಎನ್ನುವುದಲ್ಲ. ಧನುಶ್ರೀಯ ವಿಚಾರ ಅವನು ಆವತ್ತು ಕೊಳ್ಳೇಗಾಲದಲ್ಲಿಯೇ ಒಪ್ಪಿಕೊಂಡಿದ್ದ. ಹೆಬ್ಬೆರಳು, ಮಚ್ಚೆ, ಎತ್ತರ, ಎಲ್ಲ ಕೂಡಿ ಬರುತ್ತಿತ್ತು. ಉಳಿದಿದ್ದು ಒಂದೇ ಪ್ರಶ್ನೆ, ನಾಗಶ್ರೀ. ಅವಳು ಗಟ್ಟಿಯಿದ್ದರೆ ತಂಗಿ ಉಳಿಯುತ್ತಾಳೆ. ಅವಳಲ್ಲೂ ಅದಿದ್ದರೆ ತಂಗಿಗೆ ದಾರಿಯಿಲ್ಲ, ಮೇಲಾಗಿ ಅವಳೂ ಹೋದಳು. ಮಗಳು ಕಾಲೇಜಿಗೆ ಹೊರಟು ನಿಂತಾಗ ಅವಳ ಕೈಬೆರಳು ನೋಡುತ್ತಿದ್ದ. ಎಲ್ಲ ಸರಿಯಾಗೇ ಇತ್ತು. ಹುಡುಗಿ ಅಪ್ಪನಿಗಿಂತ ಅರ್ಧ ಇಂಚು ಎತ್ತರವೇ ಇದ್ದಳು. ಒಂದು ಸಂಜೆ ತಡೆಯಲಾಗದೆ ಹೆಂಡತಿಯನ್ನು ಪಕ್ಕಕ್ಕೆ ಕರೆದು, ನಾಗಶ್ರೀ ಮೈಮೇಲೆ ಎಲ್ಲಾದರೂ ಮಚ್ಚೆ ಇದೆಯಾ ಎಂದು ಕೇಳಿದ.

“ಒಂದದೆ” ಎಂದಳು ದೀಪ. “ಸೊಂಟದತ್ರ. ಉಟ್ದಾಗಿಂದ ಅದೆ.”

ಅವನು ಎಷ್ಟು ದೊಡ್ಡದು ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮಚ್ಚೆ ಇಲ್ಲದ ಮನುಷ್ಯ ಯಾರಿದ್ದಾನೆ ಎಂದು ಇಬ್ಬರೂ ಅಂದುಕೊಂಡರು.

ಮುಂದಿನ ತಿಂಗಳ ಶನಿವಾರ ರಂಗರಾಜು ಒಬ್ಬನೇ ಹೊರಟ. ಧನುಶ್ರೀಗೆ ಹಿಂದಿನ ದಿನ ಜ್ವರ ಬಂದಿತ್ತು, ದೀಪ ಬಿಟ್ಟು ಬರುವ ಹಾಗಿರಲಿಲ್ಲ. ಹನೂರಿನಲ್ಲಿ ಬಸ್ಸು ನಿಂತಾಗ ಕಾಲೇಜಿನ ಬ್ಯಾಗು ಹಾಕಿಕೊಂಡಿದ್ದ ನಾಗಶ್ರೀ ಹತ್ತಿ ಪಕ್ಕದಲ್ಲಿ ಕೂತಳು.

“ಕ್ಲಾಸಿಲ್ವಾ?”

“ಅದೆ. ರಕ್ತ ತಕಂಡಿರೋದು ನಂದು. ಏನು ಬಂದದೆ ಅಂತ ನಾನೇ ಕೇಳ್ತೀನಿ.”

ಬೈದು ಇಳಿಸಬಹುದಿತ್ತು. ಇಳಿಸಲಿಲ್ಲ.

ಮೇಡಂ ಮೇಜಿನ ಮೇಲೆ ನಾಲ್ಕು ಹಾಳೆ ಇಟ್ಟುಕೊಂಡಿದ್ದರು. ನಾಗಶ್ರೀಯನ್ನು ನೋಡಿ ಹೊರಗೆ ಕೂರಿಸಬೇಕೇ ಎಂದು ಕಣ್ಣಿನಲ್ಲೇ ಕೇಳಿದರು. ಹುಡುಗಿ ಅಲ್ಲಾಡಲಿಲ್ಲ. ಮೇಡಂ ಸುತ್ತಿ ಬಳಸಲಿಲ್ಲ, ಅದು ಅವರ ದೊಡ್ಡ ಗುಣ. ಧನುಶ್ರೀಗೆ ಇರುವುದು ಫ್ಯಾಂಕೋನಿ ಅನೀಮಿಯಾ, ಆ ಕಿಣ್ವದ ಎರಡು ಸೂತ್ರವೂ ಕೆಟ್ಟಿವೆ ಎಂದರು. ರಂಗರಾಜು ತಲೆಯಾಡಿಸಿದ.

“ನಾಗಶ್ರೀಗೂ ಅದೇ” ಎಂದರು ಆಮೇಲೆ. “ಈಗ ರಕ್ತದ ಕಣಗಳೆಲ್ಲ ಸರಿಯಾಗಿವೆ. ಕೆಲವರಿಗೆ ಹೀಗೇ ತಡವಾಗಿ ಶುರುವಾಗುತ್ತೆ. ಎರಡು ವರ್ಷಕ್ಕೋ, ಇಪ್ಪತ್ತು ವರ್ಷಕ್ಕೋ ಹೇಳಕ್ಕಾಗಲ್ಲ. ಮೂರು ತಿಂಗಳಿಗೊಮ್ಮೆ ನೋಡ್ತಾ ಇರಬೇಕು. ಅವಳ ಮಜ್ಜೆ ತಂಗಿಗೆ ಆಗಲ್ಲ.”

ರಂಗರಾಜುವಿನ ಕಿವಿಯಲ್ಲಿ ಮೋಟಾರು ಓಡಿದ ಹಾಗೆ ಸದ್ದು. ಮೇಡಂ ಇನ್ನೇನೋ ಹೇಳುತ್ತಿದ್ದರು, ಅವನಿಗೆ ತುಟಿ ಮಾತ್ರ ಕಾಣುತ್ತಿತ್ತು. ಒಬ್ಬಳನ್ನು ಉಳಿಸಿಕೊಳ್ಳಲು ಬಂದವನು ಇಬ್ಬರನ್ನೂ ಕಳೆದುಕೊಂಡು ಹೋಗುತ್ತಿದ್ದೇನೆ ಎಂದು ಅನ್ನಿಸಿತು. ಪಕ್ಕದಲ್ಲಿ ನಾಗಶ್ರೀ ನೆಟ್ಟಗೆ ಕೂತಿದ್ದಳು. ಅವಳು ಅಪ್ಪನ ತೋಳು ಅಲುಗಿಸಿ, “ಅಪ್ಪ, ಕೇಳುಸ್ಕೊ. ನಿನ್ ವಿಚಾರ ಏಳ್ತಾವ್ರೆ” ಎಂದಳು.

ನಾಲ್ಕನೆಯ ಹಾಳೆ ಅವನದು. ಸಾಮಾನ್ಯವಾಗಿ ತಂದೆತಾಯಿ ಮಕ್ಕಳಿಗೆ ಅರ್ಧ ಮಾತ್ರ ಹೊಂದುತ್ತಾರೆ. ಆದರೆ ನೀವು ಅಕ್ಕನ ಮಗಳನ್ನು ಮದುವೆಯಾದವರು ಎಂದು ತಿಳಿದ ಮೇಲೆ, ಎಲ್ಲಿಯಾದರೂ ಪೂರ್ತಿ ಹೊಂದಬಹುದೇ ಎಂದು ನೋಡಿದೆವು. ಧನುಶ್ರೀಗೆ ನಿಮ್ಮಿಂದ ಬಂದದ್ದು ಒಂದು ಅರ್ಧ. ತಾಯಿಯಿಂದ ಬಂದದ್ದೂ ಅಜ್ಜಿಯ ಕಡೆಯದ್ದೇ, ಅಂದರೆ ನಿಮ್ಮಲ್ಲಿರುವ ಇನ್ನೊಂದು ಅರ್ಧವೇ. ಹತ್ತಕ್ಕೆ ಹತ್ತು. ಹೊಂದಾಣಿಕೆ ನೋಡುವ ಗುರುತು ಬೇರೆ, ಕಿಣ್ವದ ಸೂತ್ರ ಬೇರೆ. ನಿಮ್ಮಲ್ಲಿ ಆ ಸೂತ್ರ ಒಂದು ಸರಿಯಿದೆ, ನೀವು ಕೊಡಬಹುದು. ಔಷಧಿಯ ಅಳತೆ ಇಳಿಸಿ ಮಾಡುತ್ತೇವೆ ಎಂದರು ಮೇಡಂ.

“ನಾನಾ?” ಎಂದ ರಂಗರಾಜು.

“ನೀವೇ. ಮತ್ತೆ, ಧನುಶ್ರೀಗೆ ಹೊಂದಿದವರು ನಾಗಶ್ರೀಗೂ ಹೊಂದ್ತಾರೆ. ಅವರಿಬ್ಬರದೂ ಒಂದೇ ಅಲ್ವಾ.”

ನಗಬೇಕೋ ಅಳಬೇಕೋ ಅವನಿಗೆ ತಿಳಿಯಲಿಲ್ಲ. ಯಾವ ಮದುವೆಯಿಂದ ಕಾಯಿಲೆ ಬಂದಿತೋ ಅದೇ ಮದುವೆಯಿಂದ ಮದ್ದೂ ಅವನ ಮೂಳೆಯಲ್ಲೇ ಕೂತಿತ್ತು. ಎರಡು ವರ್ಷ ಊರೂರು ಅಲೆದದ್ದು ಇದನ್ನು ಹೊತ್ತುಕೊಂಡೇ. ಬಾಯಿ ತುಂಬ ಬೈಯಬೇಕೆನಿಸಿತು, ಯಾರನ್ನು ಎಂದು ಗೊತ್ತಾಗಲಿಲ್ಲ. ಮೇಡಂಗೆ ಕೈಮುಗಿದು, ಯಾವತ್ತು ಬರಬೇಕು ಎಂದು ಕೇಳಿದ. ಒಬ್ಬಳಿಗೆ ಕೊಟ್ಟರೆ ಇನ್ನೊಬ್ಬಳಿಗೆ ಉಳಿಯುತ್ತದೆಯೇ ಎಂದೂ ಕೇಳಿದ. ತೆಗೆದದ್ದು ಒಂದೆರಡು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ ಎಂದರು.

ವಾಪಸು ಬರುವಾಗ ಹನೂರಿನಲ್ಲಿ ಬಸ್ಸು ಬದಲಿಸಬೇಕಾಯಿತು. ರಾಮಾಪುರದ ಬಸ್ಸಿಗೆ ಇನ್ನೂ ಅರ್ಧ ಗಂಟೆ ಇತ್ತು. ಬಸ್‌ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಅಪ್ಪ ಮಗಳು ಕೂತರು. ರಂಗರಾಜು ಫೋನಿನಲ್ಲಿ ದೀಪಳಿಗೆ ತನ್ನ ಹಾಳೆಯ ವಿಚಾರವನ್ನಷ್ಟೇ ಹೇಳಿದ. ಆ ಕಡೆಯಿಂದ ಅಕ್ಕ ಜೋರಾಗಿ ಅತ್ತದ್ದು ಕೇಳಿಸಿತು, ಸಂತೋಷದ ಅಳು. ನಾಗಶ್ರೀಯದೇನಾಯಿತು ಎಂದು ದೀಪ ಕೇಳುವ ಮೊದಲೇ ಬಸ್ಸು ಬಂತು ಎಂದು ಫೋನು ಇಟ್ಟ. ಸುಳ್ಳು ದಕ್ಕಲಿಲ್ಲ, ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ಎತ್ತಲಿಲ್ಲ.

“ಮನೆಗೋಗಿ ನಾನೇ ಏಳ್ತೀನಿ ಬುಡು” ಎಂದಳು ನಾಗಶ್ರೀ.

ಅವನು ಇಬ್ಬರಿಗೂ ಬೋಂಡ ತಂದ. ಅವಳು ತಿಂದಳು, ಅವನು ಬೋಂಡದ ಕಾಗದ ಹಿಡಿದುಕೊಂಡು ಕೂತ. ಜನ ಹತ್ತುತ್ತಿದ್ದರು, ಇಳಿಯುತ್ತಿದ್ದರು. ಮಾರ್ಟಳ್ಳಿಗೆ ಹೋಗುವವರು ತಮಿಳಿನಲ್ಲಿ ಸೀಟಿಗೆ ಜಗಳವಾಡುತ್ತಿದ್ದರು.

“ಧನುಗೆ ಕೊಟ್ಮೇಲೆ ನಿಂಗೆ ನೋವಾಗಲ್ವಾ?”

“ನಾಕ್ ದಿನ ಸೊಂಟ ಇಡ್ಕತದಂತೆ. ಆಮೇಲೆ ಊರ್ತದಂತೆ. ಬೋರ್‌ವೆಲ್ ಥರ ಅಲ್ಲ ಕಣ್ ಮೊಗ, ಒಳ್ಳೇ ಸೆಲೆ ಇರೋ ಬಾವಿ ಥರ. ತೆಗ್ದಷ್ಟೂ ಊರ್ತದೆ.”

ನಾಗಶ್ರೀ ಕೈ ಒರೆಸಿಕೊಂಡಳು. “ನಿಂಗೆ ಈಗ ನಲ್ವತ್ತಾರು ಅಲ್ವಾ?”

“ಊಂ.”

“ಮೇಡಮ್ಮನ್ನ ಆಮೇಲೆ ಒಂದ್ ಮಾತು ಕೇಳ್ದೆ, ನೀನು ಕೆಳಗೆ ನೀರ್ ಕುಡಿಯಕ್ಕೋಗಿದ್ದಾಗ. ಅರವತ್ತು ದಾಟಿದೋರ ಹತ್ರ ತಕಳಾದು ಕಷ್ಟ ಅಂದ್ರು. ಅಂದ್ರೆ ಇನ್ನು ಹದ್ನಾಕು ವರ್ಸ. ನಂಗಾಗ ಮೂವತ್ತೊಂದು.” ಅವಳು ಲೆಕ್ಕದ ಉತ್ತರ ಹೇಳುವ ಹಾಗೆ ಹೇಳುತ್ತಿದ್ದಳು. ಆಮೇಲೆ ಅವಳ ದನಿ ಸಣ್ಣಗಾಯಿತು. “ಅಪ್ಪ, ಬಂದ್ರೆ ಅಷ್ಟರೊಳಗೇ ಬಂದ್ಬುಡ್ಲಿ ಅಂತ ಬೇಡ್ಕಬೇಕಾ ನಾನು, ಇಲ್ಲ ಬರ್ದೇ ಇರ್ಲಿ ಅಂತ ಬೇಡ್ಕಬೇಕಾ?”

ರಂಗರಾಜುವಿಗೆ ಮಗಳ ಮೇಲೆ, ಅವಳ ಲೆಕ್ಕದ ಮೇಲೆ, ಅರವತ್ತು ಎಂದು ಗೆರೆ ಹಾಕಿದವರ ಮೇಲೆ ಸಿಟ್ಟು ಬಂತು. ಅದು ಸಿಟ್ಟಲ್ಲ, ಅಳು ಎಂದು ಮೂಗು ಕಟ್ಟಿದ ಮೇಲೆ ಗೊತ್ತಾಯಿತು. ಬಸ್‌ಸ್ಟ್ಯಾಂಡು ನೋಡಿದರೆ ನೋಡಲಿ ಎಂದು ಟವಲಿನಲ್ಲಿ ಮುಖ ಒರೆಸಿಕೊಂಡು ಅವಳ ಕೈ ಹಿಡಿದ.

“ಬರ್ದೇ ಇರ್ಲಿ ಅಂತ್ಲೇ ಬೇಡ್ಕೊ” ಎಂದ. “ಬಂದ್ರೆ ನಾನಿವ್ನಿ. ಅರವತ್ತಾಗ್ಲಿ, ಎಪ್ಪತ್ತಾಗ್ಲಿ, ಕೋಲೂರ್ಕಂಡಾರಾ ಬಂದು ಮಲಿಕತೀನಿ. ಅದ್ಯಾವ ಡಾಕ್ಟ್ರು ಬ್ಯಾಡ ಅಂತಾನೋ ನೋಡೇಬುಡ್ತೀನಿ.”

ರಾಮಾಪುರದ ಬಸ್ಸು ಬಂದು ನಿಂತಿತು. ಜನ ಬಾಗಿಲಿಗೆ ಮುಗಿಬಿದ್ದರು. ಅವನು ಟವಲನ್ನು ಕಿಟಕಿಯಿಂದ ಒಳಗೆಸೆದು ಎರಡು ಸೀಟು ಹಿಡಿದ.